ಟ್ರ್ಯಾಕ್ಟರ್ ಜನರೇಟರಿನ ಮುರಿಯದ ಬೋಲ್ಟ್: ಮಂಡ್ಯದ ಒಂದು ಆಲೆಮನೆಯ ಪ್ರಕರಣ

ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಟ್ರ್ಯಾಕ್ಟರಿನಿಂದ ನಡೆಯುತ್ತಿದ್ದ ಜನರೇಟರಿನ ಶಿಯರ್ ಬೋಲ್ಟ್, ಅಂದರೆ ಹೊರೆ ಮಿತಿಮೀರಿದರೆ ತಾನೇ ಮುರಿದು ಉಳಿದ ಭಾಗಗಳನ್ನು ಕಾಯುವ ಬೋಲ್ಟ್, ಐದು ದಿನಗಳಲ್ಲಿ ಆರು ಬಾರಿ ತುಂಡಾಯಿತು. ಏಳನೆಯ ಬೋಲ್ಟ್ ತುಂಡಾಗಲಿಲ್ಲ. ಅದನ್ನು ಹಾಕಿದ ಒಂಬತ್ತನೆಯ ದಿನ ಟ್ರ್ಯಾಕ್ಟರನ್ನು ಜನರೇಟರಿಗೆ ಜೋಡಿಸುವ ಶಾಫ್ಟಿನ ಕ್ರಾಸ್ (ಕೂಡು ಗುರುತಿನ ಆಕಾರದ ಕೀಲು) ಒಡೆದು, ಬಿಡಿಸಿಕೊಂಡ ತುದಿ ಬಡಿದಾಡಿ, ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಬೇರೆ ಯಂತ್ರಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ತಿರುಗುವ ತುದಿಯಾದ ಪಿಟಿಒದ ಬೇರಿಂಗ್ ಮತ್ತು ಆಯಿಲ್ ಸೀಲ್ ಹಾಳಾದವು. ಪಂಚೆಯುಟ್ಟು ಅಲ್ಲಿಯೇ ಓಡಾಡುತ್ತಿದ್ದ ಇಬ್ಬರು ಆಳುಗಳಿಗೆ ಏನೂ ಆಗಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಅವರು ಕಬ್ಬಿನ ಹೊರೆ ಇಳಿಸುತ್ತಿದ್ದರು. ಆ ಹತ್ತು ಹೆಜ್ಜೆಗಳ ಅಂತರ ಯಾರ ಎಚ್ಚರಿಕೆಯಿಂದ ಬಂದದ್ದೂ ಅಲ್ಲವಾದ್ದರಿಂದ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕೆಂದು ನನಗೆ ಅನ್ನಿಸಿತು.

ಆಲೆಮನೆಗೆ ಜನರೇಟರ್ ಏಕೆ ಬೇಕಾಯಿತು ಎಂಬುದನ್ನು ಈ ಭಾಗದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂಡಿದ ಕಬ್ಬಿನ ಹಾಲು ಗಂಟೆಗಟ್ಟಲೆ ನಿಂತರೆ ಹುಳಿಯುತ್ತದೆ. ಅದರಿಂದ ಬರುವ ಬೆಲ್ಲ ಕಪ್ಪಾಗಿ, ಅಚ್ಚಿನಲ್ಲಿ ನಿಲ್ಲದೆ ಮೆತ್ತಗಾಗುತ್ತದೆ. ಕೊಪ್ಪರಿಗೆ ಒಲೆಯ ಮೇಲಿರುವಾಗ ತ್ರೀ ಫೇಸ್ ವಿದ್ಯುತ್ ಹೋದರೆ ಮುಂದಿನ ಕೊಪ್ಪರಿಗೆಗೆ ಹಾಲಿಲ್ಲದೆ ಒಲೆಯೂ ಆರುತ್ತದೆ. ಹಾಗಿದ್ದರೆ ಗಾಣವನ್ನೇ ಟ್ರ್ಯಾಕ್ಟರಿಗೆ ನೇರವಾಗಿ ಏಕೆ ಜೋಡಿಸಬಾರದು ಎಂದು ಹಲವರು ಕೇಳಿದರು. ಗಾಣದ ಜಾಗಕ್ಕೆ ಟ್ರ್ಯಾಕ್ಟರ್ ಹೋಗುವಂತಿರಲಿಲ್ಲ, ಹಾಲಿನ ಪಂಪಿಗೂ ದೀಪಗಳಿಗೂ ಹೇಗಿದ್ದರೂ ವಿದ್ಯುತ್ ಬೇಕಿತ್ತು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿತ್ತು. ಗಾಣಕ್ಕೆ ಕಬ್ಬು ಸಿಕ್ಕಿ ಬಿಗಿದಾಗ ಆ ಹೊಡೆತ ನೇರ ಜೋಡಣೆಯಲ್ಲಿ ಟ್ರ್ಯಾಕ್ಟರಿನ ಗೇರುಗಳಿಗೇ ಬೀಳುತ್ತದೆ, ನಡುವೆ ವಿದ್ಯುತ್ತಿನ ಜೋಡಣೆ ಇದ್ದರೆ ಅದು ಬಹುಮಟ್ಟಿಗೆ ಅಲ್ಲಿಯೇ ಮೆತ್ತಗಾಗುತ್ತದೆ. ಮಾಲೀಕರ ನಿರ್ಧಾರ ಸರಿಯಾಗಿಯೇ ಇತ್ತು.

ಅವರ ಬಳಿ ಇದ್ದದ್ದು 45 ಎಚ್‌ಪಿ ವರ್ಗದ ಟ್ರ್ಯಾಕ್ಟರ್. ಪಿಟಿಒದಲ್ಲಿ ಅದು ಕೊಡುವುದು ಸುಮಾರು 38 ಎಚ್‌ಪಿ, ಅಂದರೆ 28 ಕಿಲೋವ್ಯಾಟ್. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಿದರೆ, 4 ಪೋಲ್‌ನ ಆಲ್ಟರ್ನೇಟರ್ (ಜನರೇಟರಿನಲ್ಲಿ ವಿದ್ಯುತ್ ಹುಟ್ಟಿಸುವ ಭಾಗ) 50 ಹರ್ಟ್ಸ್ ಕೊಡಲು 1500 ಸುತ್ತು ತಿರುಗಬೇಕು. ಆದ್ದರಿಂದ ನಡುವೆ ಒಂದಕ್ಕೆ 2.78ರಷ್ಟು ವೇಗವರ್ಧನೆ ಬೇಕು. ಇದಕ್ಕಾಗಿ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಎರಡು ಪ್ಲಮ್ಮರ್ ಬ್ಲಾಕುಗಳಲ್ಲಿ (ಬೇರಿಂಗ್ ಕೂರುವ ಗೂಡುಗಳಲ್ಲಿ) ನಡುಶಾಫ್ಟನ್ನು ಕೂರಿಸಿ, ಅದಕ್ಕೆ 500 ಮಿ.ಮೀ. ಬೀಡುಕಬ್ಬಿಣದ ಪುಲ್ಲಿ, 25 ಕೆವಿಎ ಆಲ್ಟರ್ನೇಟರಿಗೆ 180 ಮಿ.ಮೀ. ಪುಲ್ಲಿ, ಎರಡರ ನಡುವೆ ಬಿ ಸೈಜಿನ ಐದು ವಿ-ಬೆಲ್ಟುಗಳನ್ನು ಹಾಕಿದ್ದರು. ಟ್ರ್ಯಾಕ್ಟರಿನಿಂದ ನಡುಶಾಫ್ಟಿಗೆ ರೋಟವೇಟರಿನಲ್ಲಿ ಬಳಸುವಂಥ, ಒಂದರೊಳಗೊಂದು ಜಾರುವ ಚೌಕ ಕೊಳವೆಯ ಪಿಟಿಒ ಶಾಫ್ಟ್ ಇತ್ತು. ಅದರ ಒಂದು ತುದಿಯ ಫ್ಲ್ಯಾಂಜಿನಲ್ಲಿ, ಅಂದರೆ ಜೋಡಣೆಯ ದುಂಡು ತಟ್ಟೆಯಲ್ಲಿ, ಅಕ್ಷದಿಂದ 50 ಮಿ.ಮೀ. ದೂರಕ್ಕೆ 8 ಮಿ.ಮೀ.ನ ಒಂದೇ ಒಂದು ಶಿಯರ್ ಬೋಲ್ಟ್.

ಹೊರೆಯ ಲೆಕ್ಕವನ್ನು ನಾನು ಅಲ್ಲಿಗೆ ಹೋದ ದಿನವೇ ಮಾಡಿದೆ. ಗಾಣದ ಮೋಟಾರು 15 ಎಚ್‌ಪಿ, ಅದರ ನಷ್ಟವೂ ಸೇರಿ ಸುಮಾರು ಹನ್ನೆರಡೂವರೆ ಕಿಲೋವ್ಯಾಟ್; ಹಾಲಿನ ಪಂಪು ಮತ್ತು ದೀಪಗಳು ಸೇರಿ ಸುಮಾರು ಒಂದೂವರೆ ಕಿಲೋವ್ಯಾಟ್. ಒಟ್ಟು ವಿದ್ಯುತ್ ಹೊರೆ 14 ಕಿಲೋವ್ಯಾಟ್. ಆಲ್ಟರ್ನೇಟರ್ ಮತ್ತು ಬೆಲ್ಟುಗಳಲ್ಲಿ ಆಗುವ ನಷ್ಟ ಸೇರಿಸಿದರೆ ಪಿಟಿಒದಿಂದ 17 ಕಿಲೋವ್ಯಾಟ್ ಬೇಕು. ಕಿಲೋವ್ಯಾಟನ್ನು 9550ರಿಂದ ಗುಣಿಸಿ ಸುತ್ತುಗಳಿಂದ ಭಾಗಿಸಿದರೆ ಟಾರ್ಕ್, ಅಂದರೆ ತಿರುಚುವ ಬಲ, ಸಿಗುತ್ತದೆ: 300 ನ್ಯೂಟನ್ ಮೀಟರ್. ಅದೇ ಸೂತ್ರದಲ್ಲಿ ಟ್ರ್ಯಾಕ್ಟರ್ ತನ್ನ ಪೂರ್ಣ ಶಕ್ತಿಯಲ್ಲಿ ಕೊಡಬಲ್ಲದ್ದು ಸುಮಾರು 500 ನ್ಯೂಟನ್ ಮೀಟರ್, ಎಂಜಿನ್ ಹೊರೆಗೆ ಬಗ್ಗಿ ನಿಧಾನವಾದಾಗ ಅದಕ್ಕಿಂತ ಸ್ವಲ್ಪ ಹೆಚ್ಚು. ತಲೆಯ ಮೇಲೆ 4.6 ಎಂದು ಗುರುತಿರುವ ಮೆದು ಬೋಲ್ಟು ಪ್ರತಿ ಚದರ ಮಿ.ಮೀ.ಗೆ ಸುಮಾರು 240 ನ್ಯೂಟನ್ ಕತ್ತರಿ ಬಲವನ್ನು ತಾಳುತ್ತದೆ, 8 ಮಿ.ಮೀ. ಬೋಲ್ಟಿನ ಅಡ್ಡಕೊಯ್ತ 50 ಚದರ ಮಿ.ಮೀ. ಆದ್ದರಿಂದ 12,000 ನ್ಯೂಟನ್, ಅಕ್ಷದಿಂದ 50 ಮಿ.ಮೀ. ದೂರದಲ್ಲಿ ಅದು 600 ನ್ಯೂಟನ್ ಮೀಟರ್ ಆಗುತ್ತದೆ. ದಿನನಿತ್ಯದ ಹೊರೆಯ ಎರಡರಷ್ಟು, ಟ್ರ್ಯಾಕ್ಟರಿನ ಶಕ್ತಿಗಿಂತ ತುಸು ಮೇಲೆ. ಈ ಬೋಲ್ಟನ್ನು ಆರಿಸಿದವರು ಯಾರೇ ಆಗಿರಲಿ, ತಿಳಿದು ಆರಿಸಿದ್ದರು.

ಅಂದಮೇಲೆ ಅದು ಮುರಿಯಬಾರದಿತ್ತು. ಮೊದಲ ಇಪ್ಪತ್ತು ದಿನ ಮುರಿಯಲೂ ಇಲ್ಲ.

ಮುರಿಯತೊಡಗಿದ ಮೇಲೆ ಆಲೆಮನೆಯಲ್ಲಿ ಎಲ್ಲರೂ ದೂರಿದ್ದು ಗಾಣವನ್ನು. "ಗಾಣ ಬಿಗ್ಯಾಯ್ತದೆ ಸಾ, ಬೋಲ್ಟ್ ಬೇರೆ ಮೆತ್ಗದೆ, ಅದ್ಕೇ ತುಂಡಾಯ್ತದೆ" ಎಂದು ಟ್ರ್ಯಾಕ್ಟರ್ ಓಡಿಸುವ ಹುಡುಗ ನನಗೂ ಹೇಳಿದ. ಆ ತಿಳಿವಳಿಕೆಯಂತೆಯೇ ಪಕ್ಕದ ವರ್ಕ್‌ಶಾಪಿನಿಂದ 8.8 ಗುರುತಿನ ಹೈ ಟೆನ್ಸೈಲ್ ಬೋಲ್ಟ್ ತಂದು ಹಾಕಿದ್ದರು. ಅಳತೆ ಅದೇ, ಬಲ ಎರಡರಷ್ಟು: 1200 ನ್ಯೂಟನ್ ಮೀಟರ್. ಮನೆಯ ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗಕ್ಕೆ ದಪ್ಪ ತಂತಿ ಕಟ್ಟಿದ ಹಾಗಾಯಿತು. ಬೋಲ್ಟು ಉಳಿಯಿತು, ಅದರಿಂದಾಚೆಗೆ ಯಾವುದು ದುರ್ಬಲವೋ ಅದು ಹೋಯಿತು. ಕ್ರಾಸ್ ಹೋದದ್ದು ಒಳ್ಳೆಯದೇ ಆಯಿತು ಎನ್ನಬೇಕು. ಟ್ರ್ಯಾಕ್ಟರಿನ ಒಳಗಿನ ಪಿಟಿಒ ಗೇರಿನ ಹಲ್ಲು ಹೋಗಿದ್ದರೆ ಹಿಂಬದಿಯ ಹೌಸಿಂಗನ್ನೇ ಬಿಚ್ಚಬೇಕಾಗುತ್ತಿತ್ತು.

ಗಾಣ ಬಿಗಿದದ್ದೇ ಕಾರಣ ಎಂಬ ಮಾತನ್ನು ನಾನು ಒಪ್ಪದಿರಲು ಎರಡು ಕಾರಣಗಳಿದ್ದವು. ಮೊದಲನೆಯದು, ಗಾಣ ಬಿಗಿದು ಮೋಟಾರು ನಿಂತಾಗ ಅದು ಎಳೆಯುವ ಕರೆಂಟು ಆರು ಪಟ್ಟಾಗುತ್ತದೆ ನಿಜ. ಆದರೆ ನಿಂತ ಮೋಟಾರಿನ ಪವರ್ ಫ್ಯಾಕ್ಟರ್ (ಕರೆಂಟಿನಲ್ಲಿ ನಿಜವಾದ ಶಕ್ತಿಯ ಪಾಲು) ತೀರ ಕಡಿಮೆ, ಆ ಕರೆಂಟಿನ ಬಹುಭಾಗ ಎಂಜಿನ್ನಿನಿಂದ ಶಕ್ತಿಯನ್ನು ಕೇಳುವುದಿಲ್ಲ. ಜೊತೆಗೆ 35 ಆಂಪಿಯರಿನ ಆಲ್ಟರ್ನೇಟರ್ ಅಷ್ಟು ಕರೆಂಟನ್ನು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಶಾಫ್ಟಿಗೆ ಆರು ಪಟ್ಟು ಹೊಡೆತ ಬೀಳುತ್ತದೆಂದು ಭಾವಿಸುವುದು ತಪ್ಪು. ಎರಡನೆಯದು ಆ ಹುಡುಗನ ಬಾಯಿಂದಲೇ ಬಂದ ಮಾಹಿತಿ: ಬೋಲ್ಟು ತುಂಡಾಗುವ ಮುಂಚೆ ಎಂಜಿನ್ ಒಮ್ಮೆಯೂ ಬಗ್ಗಿರಲಿಲ್ಲ, ಕಪ್ಪು ಹೊಗೆ ಬಂದಿರಲಿಲ್ಲ, ಪ್ಯಾನೆಲಿನ ಆಂಪಿಯರ್ ಮೀಟರು 23ರಲ್ಲೇ ನಿಂತಿತ್ತು. ಹೊರೆ ನಿಜವಾಗಿ ಹೆಚ್ಚಾಗಿದ್ದರೆ 500 ದಾಟುವಾಗಲೇ ಎಂಜಿನ್ ಗೋಳಾಡಬೇಕಿತ್ತು. ಎಂಜಿನ್ನಿಗೆ ಕೇಳಿಸದ, ಮೀಟರಿಗೆ ಕಾಣಿಸದ, ಬೋಲ್ಟಿಗೆ ಮಾತ್ರ ತಾಗುವ ಯಾವುದೋ ಬಲ ಆ ಶಾಫ್ಟಿನಲ್ಲೇ ಹುಟ್ಟುತ್ತಿತ್ತು.

ತುಂಡಾದ ಬೋಲ್ಟುಗಳನ್ನು ಅವರು ಎಸೆದಿರಲಿಲ್ಲ, ಒಂದು ಡಬ್ಬಿಯಲ್ಲಿದ್ದವು. ಒಂದೇ ಏಟಿಗೆ ಕತ್ತರಿಸಿದ ಬೋಲ್ಟಿನ ಮುಖ ಒಂದು ಕಡೆಗೆ ಉಜ್ಜಿ ಎಳೆದಂತಿರುತ್ತದೆ. ಇವುಗಳ ಮುಖದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನಯವಾಗಿ, ಕೆರೆಯ ನೀರು ಇಳಿದಾಗ ದಡದಲ್ಲಿ ಉಳಿಯುವ ಗೆರೆಗಳಂತೆ ಸಣ್ಣ ಸಣ್ಣ ಬಾಗುಗೆರೆಗಳಿದ್ದವು. ಅದು ದಣಿದು ಮುರಿದ ಲೋಹದ ಗುರುತು: ಬಿರುಕು ಹುಟ್ಟಿ, ಸಾವಿರಾರು ಬಾರಿ ಅಲುಗಿ, ಕೊನೆಗೆ ಉಳಿದ ಚೂರು ಹರಿದದ್ದು. ಫ್ಲ್ಯಾಂಜಿನ ತೂತನ್ನು ನೋಡಿದಾಗ ಇನ್ನೂ ಸ್ಪಷ್ಟವಾಯಿತು. ಒಂದೇ ದಿಕ್ಕಿನಲ್ಲಿ ಬಲ ಬೀಳುವ ತೂತು ಒಂದೇ ಬದಿಗೆ ಸವೆಯುತ್ತದೆ. ಇದು ಎರಡೂ ಬದಿಗೆ ಜಜ್ಜಿ ಮೊಟ್ಟೆಯಾಕಾರವಾಗಿತ್ತು. ಜನರೇಟರ್ ಟ್ರ್ಯಾಕ್ಟರಿನಿಂದ ಶಕ್ತಿ ಪಡೆಯುವ ಯಂತ್ರ; ಅದರ ಶಾಫ್ಟಿನಲ್ಲಿ ಟಾರ್ಕ್ ಹಿಂದಕ್ಕೆ ತಿರುಗಲು ಯಾವ ಕಾರಣವೂ ಇರಬಾರದು. ಆದರೂ ತಿರುಗಿತ್ತು.

ಒಲೆಗೆ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಹಾಕುವ ಹಿರಿಯರೊಬ್ಬರು, ಕೇಳದೆಯೇ, ಕೊಪ್ಪರಿಗೆಯ ಮೇಲಿನ ಬುರುಡೆ ದೀಪ ಆ ದಿನಗಳಲ್ಲಿ ಮಿಣಮಿಣ ಅನ್ನುತ್ತಿತ್ತು, ಮೊದಲು ಹಾಗಿರಲಿಲ್ಲ ಎಂದರು. ನನ್ನ ಮಟ್ಟಿಗೆ ಅಂದಿನ ಅತ್ಯಂತ ಬೆಲೆಯುಳ್ಳ ಮಾತು ಅದು. ಮೊದಲು ಇರಲಿಲ್ಲ ಎಂದರೆ, ನಡುವೆ ಏನೋ ಬದಲಾಗಿರಬೇಕು. ವಿಚಾರಿಸಿದಾಗ, ಇಪ್ಪತ್ತನೆಯ ದಿನದ ಹೊತ್ತಿಗೆ ಟ್ರ್ಯಾಕ್ಟರನ್ನು ಬಿಡಿಸಿ ಎರಡು ದಿನ ಗದ್ದೆಯ ಉಳುಮೆಗೆ ಒಯ್ದಿದ್ದರು, ರಾತ್ರಿ ತಂದು ಕತ್ತಲಲ್ಲೇ ಜೋಡಿಸಿದ್ದರು ಎಂಬುದು ತಿಳಿಯಿತು. ಶಾಫ್ಟನ್ನು ಎರಡು ತುಂಡಾಗಿ ಎಳೆದು, ಮತ್ತೆ ಒಂದರೊಳಗೊಂದು ತೂರಿಸಿದ್ದರು.

ಪಿಟಿಒ ಶಾಫ್ಟಿನ ಎರಡೂ ತುದಿಗಳಲ್ಲಿ ಒಂದೊಂದು ಕ್ರಾಸ್ ಇರುತ್ತದೆ. ಕ್ರಾಸಿಗೆ ಒಂದು ಸ್ವಭಾವವಿದೆ. ಅದು ಕೋನದಲ್ಲಿ ತಿರುಗುವಾಗ, ಒಳಗೆ ಬರುವ ವೇಗ ಎಷ್ಟೇ ಸಮನಾಗಿದ್ದರೂ ಹೊರಗೆ ಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಹೆಚ್ಚಿ ಎರಡು ಬಾರಿ ತಗ್ಗುತ್ತದೆ. ಎರಡೂ ತುದಿಯ ಕೋನಗಳು ಸಮನಾಗಿದ್ದು, ಶಾಫ್ಟಿಗೆ ಬೆಸೆದಿರುವ ಎರಡು ಯೋಕುಗಳು, ಅಂದರೆ ಕ್ರಾಸನ್ನು ಹಿಡಿಯುವ ಕವಲುಗಳು, ಒಂದೇ ಸಮತಲದಲ್ಲಿದ್ದರೆ, ಮೊದಲ ಕ್ರಾಸು ಮಾಡಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ನಡುವಿನ ಹಗುರವಾದ ಕೊಳವೆ ಮಾತ್ರ ತುಯ್ದಾಡುತ್ತದೆ, ಯಾರಿಗೂ ತೊಂದರೆಯಿಲ್ಲ. ಯೋಕುಗಳು ಪರಸ್ಪರ 90 ಡಿಗ್ರಿ ತಿರುಗಿದ್ದರೆ ಏರಿಳಿತ ಅಳಿಯುವ ಬದಲು ದುಪ್ಪಟ್ಟಾಗುತ್ತದೆ. ಚೌಕ ಕೊಳವೆಯನ್ನು ನಾಲ್ಕು ರೀತಿಯಲ್ಲಿ ತೂರಿಸಬಹುದು: ಎರಡು ಸರಿ, ಎರಡು ತಪ್ಪು. ಕತ್ತಲಲ್ಲಿ ತಪ್ಪಾಗುವ ಸಂಭವ ಅರ್ಧಕ್ಕರ್ಧ. ಮುರಿದ ಶಾಫ್ಟಿನ ಎರಡು ಭಾಗಗಳು ಇನ್ನೂ ಒಂದರೊಳಗೊಂದು ಸಿಕ್ಕಿಕೊಂಡೇ ಇದ್ದವು. ಒಂದು ಯೋಕು ಮಲಗಿತ್ತು, ಇನ್ನೊಂದು ನಿಂತಿತ್ತು.

ಇಷ್ಟು ಸಣ್ಣ ತಪ್ಪಿನಿಂದ ಅಷ್ಟು ದೊಡ್ಡ ಬಲ ಹೇಗೆ ಬರುತ್ತದೆ ಎಂಬ ಸಂದೇಹ ಮಾಲೀಕರಿಗಿತ್ತು. ಅದು ನ್ಯಾಯವಾದ ಸಂದೇಹ. ನಡುಶಾಫ್ಟು ಪಿಟಿಒಗಿಂತ 18 ಸೆಂ.ಮೀ. ಕೆಳಗಿತ್ತು, ಪಿಟಿಒ ಶಾಫ್ಟಿನ ಉದ್ದ ಸುಮಾರು ಒಂದು ಮೀಟರ್, ಆದ್ದರಿಂದ ಎರಡೂ ತುದಿಯಲ್ಲಿ ಕೋನ 10 ಡಿಗ್ರಿ. ಆ ಕೋನದಲ್ಲಿ ಒಂದು ಕ್ರಾಸು ವೇಗವನ್ನು ಮೇಲಕ್ಕೂ ಕೆಳಕ್ಕೂ ಶೇಕಡಾ 1.5ರಷ್ಟು ಅಲುಗಿಸುತ್ತದೆ, ತಪ್ಪಾಗಿ ಜೋಡಿಸಿದ ಎರಡು ಸೇರಿದರೆ ಶೇಕಡಾ 3ರಷ್ಟು. ಶೇಕಡಾ 3 ಎಂದರೆ ಏನೂ ಅಲ್ಲವೆನಿಸುತ್ತದೆ. ಆದರೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು, ಸುತ್ತಿಗೆರಡರಂತೆ ಸೆಕೆಂಡಿಗೆ 18 ಬಾರಿ ಈ ಏರಿಳಿತ ನಡೆಯುತ್ತದೆ. ನಡುಶಾಫ್ಟಿನ ಮೇಲೆ ಗಟ್ಟಿಯಾಗಿ ಕೂತಿರುವ ಬೀಡುಕಬ್ಬಿಣದ ದೊಡ್ಡ ಪುಲ್ಲಿ, ಅದರ ತೂಕ ಮತ್ತು ಅಳತೆಯಿಂದ ಲೆಕ್ಕ ಹಾಕಿದರೆ, ಸುಮಾರು 1.5 ಕೆ.ಜಿ. ಚದರ ಮೀಟರಿನಷ್ಟು ಜಡತ್ವವುಳ್ಳದ್ದು. ಅದನ್ನು ಸೆಕೆಂಡಿಗೆ 18 ಬಾರಿ ಇಷ್ಟು ಮುಂದೆ ತಳ್ಳಿ ಹಿಂದೆ ಹಿಡಿಯಲು ಬೇಕಾಗುವ ಟಾರ್ಕ್ ಸುಮಾರು 290 ನ್ಯೂಟನ್ ಮೀಟರ್. ದಿನನಿತ್ಯದ 300ಕ್ಕೆ ಇದು ಒಮ್ಮೆ ಕೂಡಿ 590 ಆಗುತ್ತದೆ, ಮರುಕ್ಷಣ ಕಳೆದು ಸೊನ್ನೆಯ ಹತ್ತಿರ ಇಳಿಯುತ್ತದೆ. ಬೋಲ್ಟಿನ ಮಿತಿ 600. ಅದು ಒಂದೇ ಏಟಿಗೆ ಮುರಿಯದೆ ಕೆಲವು ಗಂಟೆ ಬಾಳಿ ದಣಿದು ಮುರಿದದ್ದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇನ್ನು ಆಲ್ಟರ್ನೇಟರಿನ ರೋಟರು, ಅಂದರೆ ಅದರೊಳಗೆ ತಿರುಗುವ ಭಾಗ. ಅದರ ಜಡತ್ವ ತನ್ನಷ್ಟಕ್ಕೆ ಚಿಕ್ಕದು. ಆದರೆ ವೇಗ ಹೆಚ್ಚಿಸುವ ಜೋಡಣೆಯಲ್ಲಿ ಅತ್ತಲಿನ ಜಡತ್ವ ಇತ್ತ ಕಾಣುವುದು ಅನುಪಾತದ ವರ್ಗದಷ್ಟಾಗಿ: 2.78ರ ವರ್ಗ 7.7. ಹಾಗಾಗಿ ಅದೂ ದೊಡ್ಡ ಪುಲ್ಲಿಯಷ್ಟೇ ಭಾರವಾಗಿ ಪಿಟಿಒಗೆ ತಾಗುತ್ತದೆ; ಬೆಲ್ಟು ಸ್ವಲ್ಪ ಹೀರಿಕೊಳ್ಳುತ್ತದೆ, ಎಲ್ಲವನ್ನೂ ಅಲ್ಲ. ಆ ಉಳಿದ ಪಾಲು ಟಾರ್ಕನ್ನು ಸೊನ್ನೆಯಿಂದ ಕೆಳಕ್ಕಿಳಿಸಿ ಹಿಂದಕ್ಕೆ ತಿರುಗಿಸಿತು, ತೂತಿನ ಇನ್ನೊಂದು ಬದಿಯನ್ನೂ ಜಜ್ಜಿತು. ದೀಪವನ್ನು ಮಿಣುಕಿಸಿದ್ದೂ ಅದೇ 18ರ ಬಡಿತ. ಟ್ರ್ಯಾಕ್ಟರ್ ಜನರೇಟರುಗಳ ಬಗ್ಗೆ ಮಾತಾಡುವಾಗ ಎಲ್ಲರೂ ಭಾರ ಎಂದರೆ ಮೋಟಾರು, ಗಾಣ, ಪಂಪು ಎಂದೇ ಎಣಿಸುತ್ತಾರೆ. ಇಲ್ಲಿ ಡ್ರೈವಿಗೆ ಬಿದ್ದ ಅತಿ ದೊಡ್ಡ ಭಾರ ತಿರುಗುವ ಕಬ್ಬಿಣದ್ದು, ಒಂದು ಯೂನಿಟ್ ವಿದ್ಯುತ್ ಖರ್ಚಾಗದಿದ್ದಾಗಲೂ ಅದು ಇದ್ದೇ ಇರುತ್ತಿತ್ತು.

ಅದನ್ನು ಕಣ್ಣಾರೆ ತೋರಿಸುವುದು ಅಗತ್ಯವಿತ್ತು. ಬೇರಿಂಗ್, ಸೀಲ್ ಮತ್ತು ಎರಡೂ ಕ್ರಾಸುಗಳನ್ನು ಹೊಸದಾಗಿ ಹಾಕಿದ ಮೇಲೆ, ಎಲ್ಲರನ್ನೂ ದೂರ ನಿಲ್ಲಿಸಿ, ಗಾಣದ ಹೊರೆಯಿಲ್ಲದೆ ಬರಿ ದೀಪವೊಂದನ್ನು ಉರಿಸಿ, ಶಾಫ್ಟನ್ನು ಮೊದಲು ತಪ್ಪಾಗಿಯೇ ಜೋಡಿಸಿ ಕೆಲವು ನಿಮಿಷ ಓಡಿಸಿದೆವು. ಹಿಂಬದಿಯ ಗೇರುಗಳಿಂದ ಗಡಗಡ ಸದ್ದು ಬಂತು, ದೀಪ ಮಿಣುಕಿತು. ನಿಲ್ಲಿಸಿ, ಕೊಳವೆಯನ್ನು ಎಳೆದು, ಕಾಲು ಸುತ್ತು ತಿರುಗಿಸಿ ತೂರಿಸಿ ಮತ್ತೆ ಓಡಿಸಿದಾಗ ಎರಡೂ ಇರಲಿಲ್ಲ. ಆ ಹುಡುಗ ಏನೂ ಮಾತಾಡದೆ ಹೋಗಿ ಬಿಳಿ ಬಣ್ಣದ ಡಬ್ಬಿ ತಂದು ಎರಡೂ ಕೊಳವೆಗಳ ಮೇಲೆ ಒಂದೇ ಗೆರೆ ಎಳೆದ.

ತಪ್ಪು ಸಿಕ್ಕಿತೆಂದು ಅಲ್ಲಿಗೇ ಬಿಡಲಿಲ್ಲ, ಏಕೆಂದರೆ ವ್ಯವಸ್ಥೆಯಲ್ಲಿ ಸರಿಪಡಿಸಬೇಕಾದವು ಇನ್ನೂ ಇದ್ದವು. ಚೌಕಟ್ಟನ್ನು ಸಿಮೆಂಟ್ ಕಟ್ಟೆಯ ಮೇಲೆ ಎತ್ತರಿಸಿ ಎತ್ತರದ ವ್ಯತ್ಯಾಸವನ್ನು 5 ಸೆಂ.ಮೀ.ಗೆ ತಂದೆವು, ಕೋನ 3 ಡಿಗ್ರಿಗೆ ಇಳಿಯಿತು. ಏರಿಳಿತ ಕೋನದ ವರ್ಗಕ್ಕನುಗುಣವಾಗಿ ಇಳಿಯುವುದರಿಂದ, ನಾಳೆ ಯಾರಾದರೂ ಮತ್ತೆ ತಪ್ಪಾಗಿ ಜೋಡಿಸಿದರೂ ಬಲ ಹಿಂದಿನದರ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಗೆರೆಗಿಂತ ನಾನು ಹೆಚ್ಚು ನಂಬಿದ್ದು ಈ ಕಟ್ಟೆಯನ್ನು.

ಬೋಲ್ಟಿನ ಜಾಗಕ್ಕೆ ಸ್ಲಿಪ್ ಕ್ಲಚ್ ಹಾಕೋಣವೆಂದು ಮಾಲೀಕರು ಕೇಳಿದರು. ಅದು ಮುರಿಯದೆ ಜಾರುತ್ತದೆ, ಕೆಲಸ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಅದರ ಘರ್ಷಣೆಯ ತಟ್ಟೆಗಳು ಹಬೆಯಲ್ಲಿ ತುಕ್ಕು ಹಿಡಿದು ಅಂಟಿಕೊಂಡರೆ ಜಾರುವುದೇ ಇಲ್ಲ, ಹೊರಗಿನಿಂದ ನೋಡಿದವರಿಗೆ ಅದು ತಿಳಿಯುವುದೂ ಇಲ್ಲ. ಪ್ರತಿ ಹಂಗಾಮಿನ ಆರಂಭದಲ್ಲಿ ಸ್ಪ್ರಿಂಗುಗಳನ್ನು ಸಡಿಲಿಸಿ ಒಮ್ಮೆ ಜಾರಿಸಿ ಮತ್ತೆ ಅಳತೆಗೆ ಬಿಗಿಯಬೇಕು. ರಾತ್ರಿ ಹಗಲು ಹಬೆಯಾಡುವ ಆಲೆಮನೆಯಲ್ಲಿ ಆ ಶಿಸ್ತು ನಡೆಯುತ್ತದೆಂದು ನನಗೆ ಭರವಸೆ ಬರಲಿಲ್ಲ. ಹಾಗಾಗಿ ಮೆದು ಬೋಲ್ಟನ್ನೇ ಉಳಿಸಿಕೊಂಡೆವು: 4.6, 8 ಮಿ.ಮೀ., ಕತ್ತರಿಸುವ ಜಾಗಕ್ಕೆ ತ್ರೆಡ್ ಬಾರದಂತೆ ನಯವಾದ ಕಾಂಡವಿರುವುದು. ತ್ರೆಡ್ ಆ ಜಾಗಕ್ಕೆ ಬಂದರೆ ಅಡ್ಡಕೊಯ್ತ ಸುಮಾರು 36 ಚದರ ಮಿ.ಮೀ.ಗೆ ಇಳಿದು ಮಿತಿ 600ರ ಬದಲು 440ರ ಆಸುಪಾಸಿಗೆ ಬರುತ್ತದೆ; ಕಾರಣವಿಲ್ಲದೆ ಮುರಿದು ಮತ್ತೆ ಯಾರಿಗಾದರೂ 8.8ರ ಆಸೆ ಹುಟ್ಟಿಸುತ್ತದೆ. ಜಜ್ಜಿದ ತೂತಿನ ಫ್ಲ್ಯಾಂಜನ್ನೂ ಬದಲಿಸಿದೆವು. ಇಪ್ಪತ್ತು ಬೋಲ್ಟುಗಳನ್ನು ಅಳೆದು ಆರಿಸಿ, ತುಂಡಾದ ಬೋಲ್ಟುಗಳಿದ್ದ ಡಬ್ಬಿಯಲ್ಲೇ ಹಾಕಿ ಚೌಕಟ್ಟಿಗೆ ಕಟ್ಟಿದೆವು. ಬೇರೆ ಬೋಲ್ಟು ಹುಡುಕುವ ಸಂದರ್ಭವೇ ಬಾರದಿರಲಿ ಎಂಬುದಷ್ಟೇ ಉದ್ದೇಶ.

ಪಿಟಿಒ ಶಾಫ್ಟು ಮತ್ತು ನಡುಶಾಫ್ಟಿನ ನಡುವೆ ಒಂದೇ ದಿಕ್ಕಿಗೆ ಎಳೆಯುವ ಓವರ್‌ರನ್ ಕ್ಲಚ್ಚನ್ನೂ ಸೇರಿಸಿದೆವು. ಎಂಜಿನ್ ಹಠಾತ್ತನೆ ನಿಂತರೆ ಪುಲ್ಲಿ ಮತ್ತು ರೋಟರು ತಮ್ಮ ಓಟದಲ್ಲಿ ಟ್ರ್ಯಾಕ್ಟರಿನ ಗೇರುಗಳನ್ನು ಹಿಂದಿನಿಂದ ತಳ್ಳುವ ಬದಲು ತಾವೇ ತಿರುಗಿ ನಿಲ್ಲುತ್ತವೆ. ಆರಂಭಿಸುವ ಕ್ರಮವನ್ನು ಬದಲಿಸಲು ಮಾತ್ರ ಯಾವ ಭಾಗವನ್ನೂ ಕೊಳ್ಳಬೇಕಿರಲಿಲ್ಲ. ಪುಲ್ಲಿ, ರೋಟರು ಎರಡೂ ಸೇರಿ ಪಿಟಿಒಗೆ ಕಾಣುವ ಜಡತ್ವ ಸುಮಾರು 3 ಕೆ.ಜಿ. ಚದರ ಮೀಟರ್. ಪೂರ್ಣ ಆಕ್ಸಿಲರೇಟರಿನಲ್ಲಿ ಪಿಟಿಒ ಕ್ಲಚ್ಚನ್ನು ಫಟ್ಟನೆ ಬಿಟ್ಟು ಅದನ್ನು 0.3 ಸೆಕೆಂಡಿನಲ್ಲಿ 540ಕ್ಕೆ ಏರಿಸಿದರೆ 565 ನ್ಯೂಟನ್ ಮೀಟರ್ ಬೇಕು. ಐಡಲಿನಲ್ಲಿ ಮೆಲ್ಲಗೆ ಹಿಡಿಸಿ ಅದೇ ಏರಿಕೆಗೆ 3 ಸೆಕೆಂಡು ಕೊಟ್ಟರೆ 57 ಸಾಕು. ನಿಲ್ಲಿಸುವಾಗ ಮೊದಲು ಮೋಟಾರು, ಆಮೇಲೆ ವೇಗ, ಕೊನೆಗೆ ಪಿಟಿಒ. ಹೊರೆಯಿರುವಾಗಲೇ ವೇಗ ಇಳಿಸಿದರೆ ವೋಲ್ಟೇಜೂ ಫ್ರೀಕ್ವೆನ್ಸಿಯೂ ಕುಸಿದು ಮೋಟಾರು ಬಿಸಿಯಾಗುತ್ತದೆ.

ಗಾಣದ ಮೋಟಾರಿಗೆ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಮೊದಲೇ ಇತ್ತು. ಆರಂಭದ ಕರೆಂಟನ್ನು ಅದು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತದೆ, ಅಂದರೆ 126ರ ಬದಲು 42 ಆಂಪಿಯರ್. ಆದರೆ ಸ್ಟಾರ್‌ನಲ್ಲಿ ಟಾರ್ಕೂ ಅಷ್ಟೇ ಇಳಿಯುವುದರಿಂದ ಗಾಣದಲ್ಲಿ ಕಬ್ಬು ಉಳಿದಿದ್ದರೆ ಅದು ಏಳುವುದಿಲ್ಲ. ಖಾಲಿ ಗಾಣವನ್ನೇ ಆರಂಭಿಸಬೇಕು. ಲೈನಿನ ಕರೆಂಟಿಗೂ ಜನರೇಟರಿಗೂ ನಡುವೆ, ಎರಡನ್ನೂ ಒಮ್ಮೆಲೇ ಜೋಡಿಸದ, ಮಧ್ಯದಲ್ಲಿ ಆಫ್ ಸ್ಥಾನವಿರುವ ಚೇಂಜ್ ಓವರ್ ಸ್ವಿಚ್ಚನ್ನು ಹಾಕಿಸಿದೆವು, ನ್ಯೂಟ್ರಲಿಗೂ ಬಾಡಿಗೂ ಬೇರೆ ಬೇರೆ ಅರ್ಥಿಂಗ್ ಕೊಟ್ಟೆವು. ಆ ಸ್ವಿಚ್ಚಿಲ್ಲದೆ ಓಡಿಸಿದರೆ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಂದಕ್ಕೆ ಹೋಗುವ ವಿದ್ಯುತ್ ಕಂಬದ ಮೇಲಿರುವ ಲೈನ್‌ಮನ್‌ನ ಜೀವ ತೆಗೆಯುತ್ತದೆ.

ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಎಂದೋ ಹೋಗಿತ್ತು. ಸೆಕೆಂಡಿಗೆ 9 ಸುತ್ತು ತಿರುಗುವ, 5 ಸೆಂ.ಮೀ. ದಪ್ಪದ ಕೊಳವೆ ಪಂಚೆಯ ಅಂಚನ್ನು ಹಿಡಿದರೆ ಒಂದು ಸೆಕೆಂಡಿನಲ್ಲಿ 1.4 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಹಿಡಿದದ್ದು ತಿಳಿಯುವಷ್ಟರಲ್ಲಿ ಮನುಷ್ಯನೂ ಅದರ ಜೊತೆ ಹೋಗಿರುತ್ತಾನೆ. ಹೊಸ ಕವಚದ ಜೊತೆಗೆ, ಮುರಿದ ಶಾಫ್ಟು ಬಡಿದರೂ ಹೊರಗೆ ಹಾರದಂತೆ ಎರಡೂ ಬದಿಗೆ ದಪ್ಪ ತಗಡಿನ ಗೋಡೆ ನಿಲ್ಲಿಸಿದೆವು. ರೇಡಿಯೇಟರಿಗೆ ರಚ್ಚಿನ ಧೂಳು ಮೆತ್ತಿ ಎಂಜಿನ್ ಕಾಯುವ ತೊಂದರೆಗೆ ಟ್ರ್ಯಾಕ್ಟರಿನ ಮುಖವನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದ್ದು ಸಾಕಾಯಿತು.

ಹಂಗಾಮಿನ ಉಳಿದ ಎರಡೂವರೆ ತಿಂಗಳಲ್ಲಿ, ಗಂಟೆಗೆ ಸುಮಾರು 5 ಲೀಟರ್ ಡೀಸೆಲ್ ಖರ್ಚಿನಲ್ಲಿ ಜನರೇಟರ್ ಓಡಿತು. ಟ್ರ್ಯಾಕ್ಟರನ್ನು ಮೂರು ಬಾರಿ ಬಿಡಿಸಿ ಜೋಡಿಸಿದರು. ಒಂದು ಬೋಲ್ಟು ಮುರಿಯಿತು: ಹಾಲಿನ ಪಂಪಿನ ಕೇಬಲ್ಲನ್ನು ಇಲಿ ಕಡಿದು ಎರಡು ಫೇಸುಗಳು ಒಂದಾದ ರಾತ್ರಿ. ಶಾರ್ಟ್ ಸರ್ಕ್ಯೂಟಾದ ಕ್ಷಣ ಆಲ್ಟರ್ನೇಟರ್ ಕೇಳುವ ಟಾರ್ಕ್ ಪೂರ್ಣ ಹೊರೆಯ ಹಲವು ಪಟ್ಟಾಗುತ್ತದೆ. ಬ್ರೇಕರು ಬೀಳುವಷ್ಟರಲ್ಲಿ ಬೋಲ್ಟು ಹೋಗಿತ್ತು. ಅದರ ಮುಖವನ್ನು ತಂದು ತೋರಿಸಿದರು. ಬಾಗುಗೆರೆಗಳಿರಲಿಲ್ಲ, ಒಂದೇ ಕಡೆಗೆ ಉಜ್ಜಿ ಎಳೆದಂತಿತ್ತು. ಕೇಬಲ್ ಬದಲಿಸಿ, ಡಬ್ಬಿಯಿಂದ ಇನ್ನೊಂದು ಬೋಲ್ಟು ತೆಗೆದು ಹಾಕಿ, ಅರ್ಧ ಗಂಟೆಯಲ್ಲಿ ಗಾಣವನ್ನು ಮತ್ತೆ ಆರಂಭಿಸಿದ್ದರು.